ನಾಲ್ಕೂ ಮೂಲೆ ತಿರುಗಿದ ಕರ್ಚೀಫು

ಟಿಕ್, ಟಿಕ್, ಟಕ್. ಬಳ್ಳಾರಿಯ ನಮ್ಮ ಕಾನ್ವೆಂಟಿನ ವರಾಂಡದಲ್ಲಿ ಮಧ್ಯಾಹ್ನದ ಹೊತ್ತು ದಾರ ಸುತ್ತಿದ ಮರದ ಬಾಬಿನ್‌ಗಳು ಒಂದಕ್ಕೊಂದು ತಾಗುತ್ತಿದ್ದ ಸದ್ದು ಅದು. ಹೊರಗೆ ಬಿಸಿಲು ಬೆಳ್ಳಗೆ ನಿಂತಿರುತ್ತಿತ್ತು. ಒಳಗೆ ಲೇಸ್ ಮಿಸ್ ಬೆತ್ತದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಗುಂಡು ದಿಂಬು ಇಟ್ಟುಕೊಂಡು, ಅದಕ್ಕೆ ಚುಚ್ಚಿದ ಗುಂಡುಸೂಜಿಗಳ ನಡುವೆ ದಾರ ಹಾಯಿಸುತ್ತಿದ್ದರು. ಒಂದೊಂದು ದಾರದ ತುದಿಗೂ ಬೆರಳುದ್ದದ ಒಂದು ಬಾಬಿನ್. ಅವರು ನೋಡುತ್ತಿದ್ದುದು ಮಾತ್ರ ದಿಂಬನ್ನಲ್ಲ, ಕಾಂಪೌಂಡಿನ ಬೇವಿನ ಮರವನ್ನು. ಬೆರಳುಗಳಿಗೆ ಬೇರೆಯೇ ಕಣ್ಣಿದ್ದವೇನೋ.

ಮಿಸ್ ಸಿಲೋನಿನವರು. ಅರವತ್ತರ ದಶಕ, ಆಗಿನ್ನೂ ಆ ದೇಶಕ್ಕೆ ಅದೇ ಹೆಸರು. ಸಮುದ್ರದಂಡೆಯ ಊರಿನಲ್ಲಿ ಅಜ್ಜಿಯಿಂದ ಕಲಿತ ಲೇಸನ್ನು ನಮಗೆ ಕಲಿಸಲೆಂದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ಇವರನ್ನು ಕರೆಸಿಕೊಂಡಿದ್ದರು. ಇಂಗ್ಲಿಷ್ ವೆರಿ ಪ್ರಾಪರ್. ಕನ್ನಡ ಮಾತ್ರ ಅಡಿಗೆಮನೆಯ ಕುರುಗೋಡಿನ ಆಯಾಳಿಂದ ಬಂದದ್ದು. "ಸಿಟ್ ಸ್ಟ್ರೇಟ್, ಚೈಲ್ಡ್" ಎಂದ ಉಸಿರಿನಲ್ಲೇ "ಬೆನ್ನ್ಯಾಕ ಬಗ್ಗಿಸೀದಿ, ಎಮ್ಮಿ ಕಾಯಾಕ ಬಂದೀಯೇನ್ಲೇ?" ಎನ್ನುವರು. ನಾವು ನಕ್ಕರೆ ತಾವೂ ನಗುವರು.

ವರ್ಷಕ್ಕೊಮ್ಮೆ ಅವರ ವೀಸಾ ಹೊಸದಾಗಬೇಕಿತ್ತು. ಪರದೇಶದವರ ಕಾಗದಪತ್ರ ನೋಡುವ ಸರ್ಕಾರಿ ಆಫೀಸಿನ ಗುಮಾಸ್ತರೊಬ್ಬರು ಸೈಕಲ್ ತುಳಿದುಕೊಂಡು ವಿಚಾರಣೆಗೆ ಬರುತ್ತಿದ್ದರು.

"ಏನ್ ಮಿಸ್ಸಮ್ಮ, ನಮ್ಮ ಬಳ್ಳಾರಿ ಬಿಸಿಲಿಗೆ ಇನ್ನೂ ಬ್ಯಾಸರ ಬಂದಿಲ್ಲೇನ್ರಿ?"

"ಬಿಸಿಲು ನಿಮ್ದೇನು? ಬಾಡಿಗಿ ಕೇಳಾಕ ಬಂದೀರೇನು?"

ಮದರ್ ಪ್ರತಿ ಸಲವೂ ಒಂದೇ ಮಾತು ಬರೆದುಕೊಡುತ್ತಿದ್ದರು: ಈ ಲೇಸನ್ನು ಮೂಲೆಸಮೇತ ಪೂರ್ತಿ ಮಾಡಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ. ಮಿಸ್ ಇಲ್ಲಿ ಇರಲಿಕ್ಕೆ ಇದ್ದ ಕಾರಣ ಅದೊಂದೇ. ಆ ಮಾತು ಸುಳ್ಳಾದ ವರ್ಷ ಅವರು ಹೊರಡಬೇಕು. ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಮಿಸ್ ಎಲ್ಲ ಕಲಿಸುತ್ತಾರೆ, ಮೂಲೆಯೊಂದನ್ನು ಬಿಟ್ಟು. ನೇರ ಪಟ್ಟಿಯನ್ನು ನಾವೆಲ್ಲ ಹೆಣೆಯುತ್ತಿದ್ದೆವು. ಲೇಸು ಮುದುಡದೆ ಕರ್ಚೀಫಿನ ಮೂಲೆ ತಿರುಗಬೇಕೆಂದರೆ ದಿಂಬು ಅವರ ಕೈಗೇ ಹೋಗಬೇಕು. ಆಗ ನಮಗೆ ಬೆನ್ನು ಮಾಡಿ ಕೂತುಬಿಡುವರು. ಎಂಥ ಜಿಪುಣಿ ಹೆಂಗಸು ಎಂದುಕೊಳ್ಳುತ್ತಿದ್ದೆ. ಗಾಡ್ ಫರ್ಗಿವ್ ಮಿ.

ನನ್ನ ಕೊನೆಯ ವರ್ಷದ ದಸರಾ ರಜೆಗೆ ಮಿಸ್ ಸಿರುಗುಪ್ಪದ ನಮ್ಮ ಮನೆಗೆ ಬಂದರು. ಎರಡು ದಿನಕ್ಕೂ ಆಫೀಸಿಗೆ ಹೇಳಿಯೇ ಬರಬೇಕಾಯಿತು. ಸಂಜೆ ಕೆಂಚನಗುಡ್ಡದ ಹೊಳೆದಂಡೆಗೆ ಹೋದೆವು. ನೀರಿನ ಮೇಲೆ ಬೆಳಕು ಕರಗಿದ ಬೆಲ್ಲದ ಹಾಗೆ ಹರಡಿತ್ತು.

"ಈ ನೀರು ಸಮುದ್ರಕ್ಕ ಹೊಕ್ಕೈತೇನು?"

"ಹೋಗ್ತೈತಿ ಮಿಸ್. ನಿಮಗೂ ಊರಿಗೆ ಹೋಗಬೇಕು ಅನಸ್ತೈತೇನ್ರಿ?"

"ಅಲ್ಲಿ ಅಣ್ಣನ ಮನಿ ಐತಿ. ಆ ಮನ್ಯಾಗ ನಂದಂತ ಒಂದು ಕುರ್ಚಿನೂ ಇಲ್ಲ. ಮೈ ಚೇರ್ ಈಸ್ ಇನ್ ದಟ್ ವರಾಂಡ, ಚೈಲ್ಡ್."

ಮಿಸ್ ನನ್ನ ಕೈ ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಚೀಲದಿಂದ ದಿಂಬು ತೆಗೆದರು.

"ನೋಡು, ನೀರು ಆ ಕಲ್ಲಿನ ಹತ್ರ ನಿಂದ್ರಂಗಿಲ್ಲ, ಜಗ್ಗಾಡಂಗಿಲ್ಲ, ಸುತ್ತಿ ಹೊಕ್ಕೈತಿ. ಹೊರಗಿನ ದಾರ ದೂರ ನಡೀಬೇಕು. ಒಳಗಿಂದು ಅದು ಬರೂತನ ಕಾಯಬೇಕು."

ಕತ್ತಲಾಗುವಷ್ಟರಲ್ಲಿ ನನ್ನ ಕೈಯಲ್ಲಿ ಒಂದು ಮೂಲೆ ತಿರುಗಿತ್ತು.

ರಜೆ ಮುಗಿದ ಮೇಲೆ ಬಿಳಿ ಕರ್ಚೀಫಿಗೆ ನಾಲ್ಕೂ ಮೂಲೆ ಮಾಡಿ ಮದರ್‌ಗೆ ತೋರಿಸಲು ಓಡಿದೆ. ಅಲ್ಲಿ ಮಿಸ್ ಇದ್ದರು, ಗುಮಾಸ್ತರೂ ಇದ್ದರು. ಗುಮಾಸ್ತರು ಕರ್ಚೀಫನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎಷ್ಟು ಚಂದ ಐತಲ್ರಿ! ಯಾರು ಮಾಡಿದ್ದು?"

"ನಾನು! ನಾಲ್ಕೂ ಮೂಲಿ ನಾನ ಮಾಡೀನಿ!"

ಮದರ್ ಕೈಯಲ್ಲಿದ್ದ ಜಪಮಣಿ ನಿಂತುಬಿಟ್ಟಿತು. ಗುಮಾಸ್ತರು ನನ್ನ ಮಾತು ಕೇಳಲೇ ಇಲ್ಲವೆಂಬಂತೆ ಮಿಸ್ ಕಡೆ ತಿರುಗಿದರು.

"ಹುಡುಗ್ರು ಏನೇನರ ಅಂತಾವು. ನೀವ ಮಾಡಿದ್ದಂತ ಬರಕೊಳ್ಳಲೇನ್ರಿ ಮಿಸ್ಸಮ್ಮ?"

ಮಿಸ್ ಕರ್ಚೀಫನ್ನು ನೋಡಿದರು. ಆಮೇಲೆ ನನ್ನನ್ನು.

"ಇಲ್ರಿ. ಆಕೀದು. ನಾಲ್ಕೂ ಆಕೀವ."

"ಸ್ವಲ್ಪ ಯೋಚನಿ ಮಾಡ್ರಿ."

"ಮಾಡೀನ್ರಿ. ಕೆಂಚನಗುಡ್ಡದಾಗ ಮಾಡೀನಿ."

ಆ ವರ್ಷ ಅವರ ಕಾಗದಕ್ಕೆ ಸೀಲು ಬೀಳಲಿಲ್ಲ. ಯಾಕೆಂದು ಮದರ್ ನನ್ನನ್ನು ಕೂರಿಸಿಕೊಂಡು ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಜೂನಿನಿಂದ ಆ ವರಾಂಡದಲ್ಲಿ ಲೇಸ್ ಕಲಿಸಿದವಳು ನಾನು, ಅದೇ ಬೆತ್ತದ ಕುರ್ಚಿಯಲ್ಲಿ ಕೂತು. ನನ್ನ ಇಡೀ ಬದುಕು ಅದರಲ್ಲೇ ಕಳೆಯಿತು ಎನ್ನಿ. ಪ್ರತಿಸಲ ಕೂರುವಾಗಲೂ ಯಾರನ್ನೋ ಎಬ್ಬಿಸಿ ಕೂತ ಹಾಗೆನಿಸುತ್ತಿತ್ತು.

ಅವರನ್ನು ಕೊನೆಯ ಸಲ ನೋಡಿದ್ದು ಬಳ್ಳಾರಿ ಸ್ಟೇಷನ್ನಿನಲ್ಲಿ. ರಾಮೇಶ್ವರದ ತನಕ ರೈಲು, ಅಲ್ಲಿಂದ ಹಡಗು. ತೊಡೆಯ ಮೇಲೆ ಬಟ್ಟೆ ಸುತ್ತಿದ ದಿಂಬು. ನಾನು ಕಿಟಕಿಯ ಸರಳು ಹಿಡಿದು, "ಅವತ್ತು ನಾ ಬಾಯಿ ಮುಚ್ಚಿಕೊಂಡಿರಬೇಕಿತ್ತು ಮಿಸ್" ಎಂದೆ.

"ಹುಚ್ಚಿ. ಹಂಗಾದ್ರ ನಾ ಯಾರಿಗೆ ಕಲಿಸಿದಂಗಾತು?" ಎಂದು ಕೆನ್ನೆ ತಟ್ಟಿದರು. "ಕುರ್ಚಿ ಬಿಸಿಲಿಗೆ ಇಡಬ್ಯಾಡ. ಬೆತ್ತ ಸೀಳ್ತೈತಿ."

ಗಾಡಿ ಚಲಿಸಿತು. ನಾನು ಮುಖ ಮುಚ್ಚಿಕೊಂಡು ಬಾಗಿ ಅಳುತ್ತಿದ್ದೆ. ಹೊಗೆಯ ನಡುವಿನಿಂದ ಅವರ ದನಿ ಬಂತು: "ಬೆನ್ನು, ಚೈಲ್ಡ್, ಬೆನ್ನು!"

ನೆಟ್ಟಗಾದೆ. ಕಿಟಕಿಯ ಆಚೆ ಅವರ ಕೈ ಕಾಣುತ್ತಿದ್ದಷ್ಟು ಹೊತ್ತೂ ಹಾಗೇ ನೆಟ್ಟಗೆ ನಿಂತಿದ್ದೆ.