ನಲ್ಲಿಯ ಬಳಿ ಮಾತ್ರ ಕೇಳುತ್ತಿದ್ದ ಸದ್ದು

ಕೋವಿಡ್ ಗದ್ದಲ ಅಡಗಿದ ಮರುವರ್ಷ. ನಾನು ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಕಿವಿಗೆ ಎಷ್ಟು ಕೇಳುತ್ತದೆ, ತಡೆ ಎಲ್ಲಿದೆ ಎಂದು ಅಳೆಯುವುದು ನಮ್ಮ ಕೆಲಸ. ಔಷಧಿ, ಆಪರೇಷನ್ ವೈದ್ಯರದು. ಸರ್ವಿಸ್ ಮೂವತ್ತು ವರ್ಷ ತುಂಬುತ್ತಿತ್ತು. ಇನ್ನು ಹೊಸದೇನು ಬರುತ್ತದೆ ಎಂದುಕೊಂಡಿದ್ದ ಒಂದು ಗುರುವಾರ ಶಾಂತವ್ವ ಬಂದರು.

ವಿಜಯಪುರದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಪವಾಯಿಯಲ್ಲಿ ಹಡಗುಗಳ ರೇಡಾರ್ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಕಸ ಗುಡಿಸಿ, ಚಹಾದ ಕಪ್ಪು ತೊಳೆಯುವ ಕೆಲಸ. ಎರಡನೆಯ ಹೆರಿಗೆಯ ನಂತರ ಎರಡೂ ಕಿವಿ ಮಂದವಾಗುತ್ತ ಬಂದಿದ್ದವು. ಆದರೆ ಅವರು ಬಂದದ್ದು ಅದಕ್ಕಲ್ಲ. ಜೊತೆಗಿದ್ದ ಮಗಳು ರೇಣುಕಾ, ಕಾಲೇಜು ಓದುವವಳು, ಫೈಲು ಮುಂದಿಟ್ಟಳು.

"ಆಂಟಿ, ಮಮ್ಮಿಗೆ ಏನೋ ಆವಾಜ್ ಬರ್ತದಂತೆ. ಬೇರೆ ಯಾರಿಗೂ ಬರಲ್ಲ. ದಿಮಾಗ್ ಠೀಕ್ ಇದೆ ಅಂತ ಸರ್ಟಿಫಿಕೇಟ್ ತಂದ್ರೆ ಮಾತ್ರ ಮಂಡೇಯಿಂದ ಕೆಲಸ ಅಂತ ಸೂಪರ್‌ವೈಸರ್ ಹೇಳಿದಾನೆ."

ಫೈಲಿನಲ್ಲಿ ಮಾನಸಿಕ ಕಾಯಿಲೆಯ ಮಾತ್ರೆಗಳ ಚೀಟಿಯೂ, ಕಿವಿಯನ್ನೂ ಪರೀಕ್ಷಿಸಿ ಎಂಬ ಮನೋವೈದ್ಯರ ಟಿಪ್ಪಣಿಯೂ ಇದ್ದವು. ಮಾತ್ರೆ ನುಂಗಿ ನಿದ್ದೆ ಹೆಚ್ಚಿತೇ ಹೊರತು ಸದ್ದು ನಿಲ್ಲಲಿಲ್ಲ ಎಂದಳು ಮಗಳು. ಶಾಂತವ್ವ ನೆಲ ನೋಡುತ್ತ ಕುಳಿತಿದ್ದರು. ಕಿವಿಯೊಳಗೆ ತಾನಾಗಿ ಏಳುವ ಮೊರೆತ, ನಾವು ಟಿನಿಟಸ್ ಎನ್ನುವುದು ಇರಬೇಕೆಂದು ನನ್ನ ಊಹೆ. ಹತ್ತಿರ ಬಗ್ಗಿ ದೊಡ್ಡ ದನಿಯಲ್ಲಿ ಕೇಳಿದೆ: "ಎಂತ ಕೇಳ್ತದೆ ಶಾಂತವ್ವ? ಯಾವಾಗ?"

"ಗುಂಯ್ ಅಂತೈತ್ರಿ ಬಾಯಾರ, ತಲಿ ಹಿಂದ. ನಳದ ಹಂತ್ಯಾಕ ಬಗ್ಗಿ ಕಪ್ ತೊಳಿಯಾಗ ಅಷ್ಟ. ಎರಡ ಹೆಜ್ಜಿ ಸರದ್ರ ನಿಂತ ಬಿಡತೈತಿ."

ನಾನು ನೆಟ್ಟಗೆ ಕುಳಿತೆ. ಟಿನಿಟಸ್ ಮನುಷ್ಯನ ಜೊತೆಯೇ ನಡೆಯುತ್ತದೆ, ಅದಕ್ಕೆ ನಲ್ಲಿಯ ಗುರುತು ಇರುವುದಿಲ್ಲ. ಟ್ಯೂನಿಂಗ್ ಫೋರ್ಕನ್ನು ಮಿಡಿದು ಕಿವಿಯ ಎದುರು ಹಿಡಿದೆ. ಇಲ್ಲವೆಂದು ತಲೆಯಾಡಿಸಿದರು. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದ ಕೂಡಲೇ ಕಣ್ಣರಳಿದವು. ಆಡಿಯೋಗ್ರಾಂ ಕೂಡ ಅದನ್ನೇ ಹೇಳಿತು: ಗಾಳಿಯ ದಾರಿಯಲ್ಲಿ ಐವತ್ತೈದು ಡೆಸಿಬೆಲ್ ನಷ್ಟ, ಎಲುಬಿನ ದಾರಿ ಬಹುಪಾಲು ನೆಟ್ಟಗಿತ್ತು. ಅಂದರೆ ಮಧ್ಯಕಿವಿಯ ಪುಟ್ಟ ಮೂಳೆ ಬಿಗಿದುಕೊಂಡಿದೆ, ಒಳಗಿನ ಶಂಖಾಕಾರದ ಕಾಕ್ಲಿಯಾ ಚೆನ್ನಾಗಿದೆ.

ಕಲಿಯುವಾಗ ಪಠ್ಯದಲ್ಲಿ ಓದಿದ್ದ ಒಂದು ಪ್ಯಾರಾ ಆಗ ತಲೆಗೆ ಬಂತು. ಹಿಂದೆ ರೇಡಾರ್ ಬಳಿ ನಿಂತ ಕೆಲಸಗಾರರು ತಲೆಯೊಳಗೆ ಟಿಕ್ ಟಿಕ್ ಕೇಳುತ್ತದೆ ಎಂದಾಗ ಜೊತೆಯವರು ನಕ್ಕಿದ್ದರಂತೆ. ರೇಡಾರ್ ಮೈಕ್ರೊವೇವನ್ನು ಸಣ್ಣ ಸಣ್ಣ ಪಲ್ಸ್‌ಗಳಾಗಿ ಬಿಡುತ್ತದೆ. ಪಲ್ಸ್ ತಲೆಗೆ ತಾಗಿದಾಗ ಒಳಗಿನ ಅಂಗಾಂಶ ಅಳತೆಗೂ ಸಿಗದಷ್ಟು ಬಿಸಿಯಾಗಿ, ಆ ಕ್ಷಣವೇ ಹಿಗ್ಗುತ್ತದೆ. ಆ ಹಿಗ್ಗುವಿಕೆಯ ಒತ್ತಡದ ಅಲೆ ತಲೆಬುರುಡೆಯ ಮೂಲಕ ಕಾಕ್ಲಿಯಾ ಸೇರುತ್ತದೆ. ಅದು ಗಾಳಿಯಿಂದ ಬಂತೋ ತಲೆಯಲ್ಲೇ ಹುಟ್ಟಿತೋ ಎಂದು ಕಾಕ್ಲಿಯಾ ವಿಚಾರಿಸುವುದಿಲ್ಲ. ಮಿದುಳು ಅದನ್ನು ಸದ್ದೆಂದೇ ಓದಿಕೊಳ್ಳುತ್ತದೆ. ಪಲ್ಸ್‌ಗಳು ಬೇಗಬೇಗ ಬಂದರೆ ಟಿಕ್‌ಗಳೆಲ್ಲ ಬೆರೆತು ಗುಂಯ್ ಎನಿಸುತ್ತದೆ. ಇದನ್ನು ಕೇಳುವ ರೋಗಿಯೊಬ್ಬರು ನನ್ನ ಎದುರು ಕುಳಿತಿದ್ದರೇ?

ಮರುದಿನ ರಜೆ ಹಾಕಿ ತಾಯಿ ಮಗಳ ಜೊತೆ ಪವಾಯಿಗೆ ಹೋದೆ. ನಲ್ಲಿ ಇದ್ದದ್ದು ಒಂದು ಪ್ಲೈವುಡ್ ಗೋಡೆಯ ಪಕ್ಕ. ಗೋಡೆಯ ಆಚೆಗೇ ರೇಡಾರ್ ಪರೀಕ್ಷಿಸುವ ಬೆಂಚು. ಅಲ್ಲಿನ ಇಂಜಿನಿಯರ್ ಸಾಠೆ ಸಭ್ಯರು, ಆದರೆ ನಂಬಲಿಲ್ಲ. ಶಕ್ತಿಯೆಲ್ಲ ಡಮ್ಮಿ ಲೋಡ್ ಎಂಬ ಪೆಟ್ಟಿಗೆಯೊಳಗೆ ಇಂಗಿಹೋಗುತ್ತದೆ, ಹೊರಗೆ ಬರುವ ಪ್ರಶ್ನೆಯೇ ಇಲ್ಲ ಎಂದರು. ಒಂದು ಪರೀಕ್ಷೆಗೆ ಹೇಗೋ ಒಪ್ಪಿಸಿದೆ. ಅವರು ತಮಗೆ ತೋಚಿದಂತೆ ಆನ್, ಆಫ್ ಎಂದು ಹತ್ತು ಸರದಿ ಬರೆದುಕೊಳ್ಳಬೇಕು. ಪ್ರತಿ ಸರದಿ ಕೆಲವೇ ಸೆಕೆಂಡು. ಈಚೆ ಶಾಂತವ್ವ ಸದ್ದು ಕೇಳಿದರೆ ಬೆರಳೆತ್ತಬೇಕು, ನಾನು ಗುರುತು ಹಾಕಬೇಕು. ಎಕ್ಸಾಸ್ಟ್ ಫ್ಯಾನು ಕಿವಿ ಕಿತ್ತುಹೋಗುವಂತೆ ತಿರುಗುತ್ತಲೇ ಇತ್ತು.

ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟೆವು. ಹತ್ತಕ್ಕೆ ಹತ್ತೂ ಸರಿ. ಸಾಠೆ ಮತ್ತೆ ಮತ್ತೆ ಓದಿದರು. ನಾನು ತಡೆಯಲಾಗದೆ, ಇನ್ನೊಮ್ಮೆ ಆನ್ ಮಾಡಲು ಅವರಿಗೆ ಹೇಳಿ, ಕಿವಿಗೆ ಫೋಮಿನ ಪ್ಲಗ್ ತುರುಕಿಕೊಂಡು ನಲ್ಲಿಯ ಮೇಲೆ ಬಗ್ಗಿದೆ. ಫ್ಯಾನಿನ ಅಬ್ಬರ ದೂರವಾಯಿತು. ತಲೆಯ ಹಿಂದೆಲ್ಲೋ ಸಣ್ಣಗೆ, ಸ್ಪಷ್ಟವಾಗಿ, ಗುಂಯ್ ಎಂದಿತು. ಇಂದಾದರೆ ಹಾಗೆ ತಲೆ ಒಡ್ಡುವುದಿಲ್ಲ, ಯಾರೂ ಒಡ್ಡಬಾರದು. ಆದರೆ ಅಂದಿನ ರೋಮಾಂಚನ ಇನ್ನೂ ಮೈಯಲ್ಲಿದೆ. ಶಾಂತವ್ವನ ಕೈ ಹಿಡಿದು ಹೇಳಿದೆ: "ನಿಮ್ಗೆ ಕೇಳ್ತಿರುವುದು ನಿಜ. ನನಗೂ ಕೇಳ್ತು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು.

ಸಾಠೆ ಲೀಕೇಜ್ ಮೀಟರ್ ತಂದು ಗೋಡೆಯ ಉದ್ದಕ್ಕೂ ಹಿಡಿದಾಗ ನಲ್ಲಿಯ ಎದುರು ಅದು ಮಿತಿ ದಾಟಿತು. ಆಚೆ ಮೈಕ್ರೊವೇವ್ ಸಾಗಿಸುವ ಲೋಹದ ಕೊಳವೆಯ ಒಂದು ಜೋಡಣೆ ಸಡಿಲಾಗಿತ್ತು. ಇಂಜಿನಿಯರುಗಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದುದರಿಂದ ಅವರಿಗೆ ತಾಗುತ್ತಿರಲಿಲ್ಲ. ಕಪ್ಪು ತೊಳೆಯಲು ಬರುವ ಬೇರೆಯವರಿಗೆ ಫ್ಯಾನಿನ ಸದ್ದಿನಲ್ಲಿ ಅದು ಮುಳುಗಿಹೋಗುತ್ತಿತ್ತು. ಹೊರಗಿನ ಸದ್ದು ಒಳಗೆ ಬಾರದ ಶಾಂತವ್ವನಿಗೆ ಮಾತ್ರ ಅದು ನಿಚ್ಚಳ. ಅವರ ಕಿವುಡೇ ಸೋರಿಕೆಯನ್ನು ಹಿಡಿದುಕೊಟ್ಟಿತ್ತು. ಸಾಠೆ ಅಂದೇ ಬೆಂಚು ಬಂದ್ ಮಾಡಿಸಿ, ಸೂಪರ್‌ವೈಸರನನ್ನು ಕರೆದು, ಶಾಂತವ್ವನನ್ನು ಯಾರೂ ಕೆಲಸದಿಂದ ತೆಗೆಯುವಂತಿಲ್ಲ ಎಂದು ಎಲ್ಲರೆದುರೇ ಹೇಳಿದರು. ಮೈಕ್ರೊವೇವ್‌ನಿಂದ ಅವರ ಕಣ್ಣಿಗೆ ತೊಂದರೆಯಾಗಿರಬಹುದೆಂದು ತಪಾಸಣೆ ಮಾಡಿಸಿದೆವು; ಏನೂ ಆಗಿರಲಿಲ್ಲ. ಮನೋವೈದ್ಯರು ಪರೀಕ್ಷಿಸಿ ಮಾತ್ರೆ ನಿಲ್ಲಿಸಿದರು.

ಕಾಕ್ಲಿಯಾ ಚೆನ್ನಾಗಿತ್ತಲ್ಲ, ನಮ್ಮ ಸರ್ಜನ್ ಬಿಗಿದ ಮೂಳೆಯ ಜಾಗಕ್ಕೆ ಪುಟ್ಟ ಪಿಸ್ಟನ್ ಕೂರಿಸಿದರು. ಕೆಲವು ವಾರ ಕಳೆದು ಪರೀಕ್ಷೆಗೆ ಬಂದಾಗ ರೇಣುಕಾ ಅಭ್ಯಾಸಬಲದಿಂದ ತಾಯಿಯ ಕಿವಿಯ ಬಳಿ ಕೂಗಿ ಏನೋ ಹೇಳಿದಳು. ಶಾಂತವ್ವ ಮುಖ ಸಿಂಡರಿಸಿದರು. "ಸಾವಕಾಶ ಮಾತಾಡ. ನಾ ಏನ್ ಕಿವುಡಿ ಏನ?"

ಮಗಳು ನಗಲೂ ಆಗದೆ ಅಳಲೂ ಆಗದೆ ನಿಂತಳು.

ಮೂವತ್ತು ವರ್ಷ ನಾನು ನನ್ನ ಪರೀಕ್ಷೆಯ ಯಂತ್ರ ಹೊಮ್ಮಿಸುವ ಸದ್ದನ್ನಷ್ಟೇ ಸದ್ದೆಂದು ಲೆಕ್ಕಕ್ಕೆ ಹಿಡಿದಿದ್ದೆ. ಆಮೇಲಿನ ದಿನಗಳಲ್ಲಿ ಏನೋ ಕೇಳುತ್ತದೆ ಎಂದು ಬಂದ ಯಾರನ್ನೂ, ಅದು ನಿಜವೇ ಎಂದು ನಾನು ಕೇಳಲಿಲ್ಲ. ಎಲ್ಲಿ ನಿಂತಾಗ ಕೇಳುತ್ತದೆ, ಎಲ್ಲಿಗೆ ಸರಿದರೆ ನಿಲ್ಲುತ್ತದೆ ಎಂದಷ್ಟೇ ಕೇಳಿದೆ. ಉತ್ತರ ಪೂರ್ತಿಯಾಗುವವರೆಗೂ ಪೆನ್ನು ಮುಟ್ಟಲಿಲ್ಲ.