ಕಣಜಕ್ಕೆ ಹಚ್ಚಿದ ಕುಂಕುಮ

ಹಳೆಯ ಸಿಪಿಯು ಅಟ್ಟದಿಂದ ಇಳಿಸಿದಾಗ ಮೊದಲು ಮೂಗಿಗೆ ಬಡಿದದ್ದು ಆಯುಧಪೂಜೆಯ ವಾಸನೆ. ಬಿಸಿಯಾಗುತ್ತದೆಂದು ಪಕ್ಕದ ಮುಚ್ಚಳ ತೆಗೆದೇ ಇಟ್ಟಿದ್ದ ಯಂತ್ರ ಅದು; ನಿಮ್ಮ ಮನೆಯದೂ ಹಾಗೇ ಇದ್ದಿರಬೇಕು. ಒಳಗಿನ ಹಾರ್ಡ್ ಡಿಸ್ಕಿನ ಮೇಲೆ ವಿಭೂತಿ, ಕುಂಕುಮ. ಕೇಬಲ್ ಸಿಕ್ಕಿಸುವ ಬಾಯಿಯಲ್ಲೂ ಕೆಂಪು ಪುಡಿ.

ಅದನ್ನು ಹೊಸ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಬೇಕಿತ್ತು. ಅದರೊಳಗೆ ಮಾವನವರ ಫೋಟೋ ಇತ್ತು, ಇರಬೇಕಿತ್ತು. ಅವರು ಜಗಳೂರು ಕಡೆಯ ಸೊಕ್ಕೆಯವರು, ಈ ಬೇಸಿಗೆಯಲ್ಲಿ ತೀರಿಕೊಂಡರು. ರುಮಾಲಿಲ್ಲದೆ ಅವರನ್ನು ಕಂಡವರಿಲ್ಲ. ಕ್ಯಾಮೆರಾ ಕಂಡರೆ ಮೆಲ್ಲಗೆ ಕೊಟ್ಟಿಗೆಗೆ ಜಾರಿಕೊಳ್ಳುತ್ತಿದ್ದರು. ಹೀಗಾಗಿ ಕೈಯಲ್ಲಿ ಉಳಿದದ್ದು ರುಮಾಲು ಬಿಚ್ಚಿಸಿ ತೆಗೆದ ಆಧಾರ್ ಕಾರ್ಡಿನ ಚಿತ್ರವೊಂದೇ. ಹಿರಿಯರ ಹಬ್ಬಕ್ಕೆಂದು ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದೆ. ಹೆಂಡತಿ ನೋಡಿ ಮುಖ ತಿರುಗಿಸಿದಳು.

"ಇವ್ರು ಯಾರೋ. ಇವ್ರ ಮುಂದೆ ಹೆಂಗ್ರೀ ಎಡೆ ಇಡ್ಲಿ?"

ನ್ಯಾಮತಿಯ ನಮ್ಮ ನಡುಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಾನು ಬೆವರತೊಡಗಿದ್ದು ಹೀಗೆ. ಜೋಡಿಸಿ ಚಾಲೂ ಮಾಡಿದರೆ ಡಿಸ್ಕ್ ಕಾಣಲೇ ಇಲ್ಲ. ಕಂಡಕಂಡದ್ದಕ್ಕೆಲ್ಲ ಕುಂಕುಮ ಬಳಿಯುತ್ತೀಯ ಎಂದು ಹೆಂಡತಿಯ ಮೇಲೆ ರೇಗಿದೆ. ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಕೊಡವಿ ಮತ್ತೆ ಸಿಕ್ಕಿಸಿದೆ. ಈ ಸಲ ಡಿಸ್ಕ್ ಕಂಡಿತು. ಆದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಕಂಪ್ಯೂಟರ್ ಏನು ಕೇಳಿದರೂ ಓದದೆ ಓಕೆ ಒತ್ತುವ ಬೆರಳು ನನ್ನದು. ಎಲ್ಲವನ್ನೂ ಅಳಿಸಿಬಿಡಲೇ ಎಂದು ಅದು ಕೇಳುತ್ತಿದೆ ಎಂಬುದು ಹೊಳೆದಾಗ ಬೆರಳು ಮೌಸಿನ ಮೇಲೇ ಇತ್ತು. ಸ್ವಲ್ಪದರಲ್ಲಿ ಮಾವನವರನ್ನು ಕಳೆದುಬಿಡುತ್ತಿದ್ದೆನಲ್ಲ ಎಂದು ಕೈ ಹಿಂದಕ್ಕೆಳೆದುಕೊಂಡೆ. ಚನ್ನಗಿರಿಯ ಗೆಳೆಯನಿಗೆ ಫೋನ್ ಹಚ್ಚಿದರೆ, ಬೇಡ ಅಂತ ಒತ್ತಿ, ಆಫ್ ಮಾಡಿ ಕೇಬಲ್ ಬದಲಿಸು ಎಂದ. ಬದಲಿಸಿದೆ. ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು.

ಮಾವನವರು ಸಿಕ್ಕರು. ಒಂದು ಆಯುಧಪೂಜೆಗೆ ನಮ್ಮಲ್ಲಿಗೆ ಬಂದಿದ್ದಾಗ ತೆಗೆದದ್ದು. ತಲೆಗೆ ರುಮಾಲು, ತೆರೆದ ಸಿಪಿಯುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳನ್ನು ಡಿಸ್ಕಿನ ಮೇಲಿಟ್ಟು, ನನ್ನ ಕಡೆ ತಿರುಗಿ ನಗುತ್ತಿದ್ದಾರೆ. ಆಗ ನೆನಪಾಯಿತು. ನಮ್ಮ ಫೋಟೋ, ಲೆಕ್ಕ, ಪತ್ರ ಎಲ್ಲ ಇರುವುದು ಇಲ್ಲೇ ಎಂದು ಅವರಿಗೆ ತೋರಿಸಿದವನೇ ನಾನು.

"ಎಲ್ಲ ಇದ್ರಾಗೇ ಐತಾ? ಹಂಗಾರೆ ಇದು ಕಣಜ ಬಿಡ್ರಿ" ಎಂದು, ಊರಿನ ಕಣಜಕ್ಕೆ ಹಚ್ಚುವಷ್ಟೇ ಧಾರಾಳವಾಗಿ ಹಚ್ಚಿದ್ದರು.

ಹೆಂಡತಿ ಬಹಳ ಹೊತ್ತು ನೋಡಿದಳು. ನಂತರ ನನ್ನ ಹೆಗಲ ಮೇಲೆ ಕೆಂಪಾಗಿ ಬಿದ್ದಿದ್ದ ಬನಿಯನ್ ಬಟ್ಟೆಯತ್ತ ಕೈ ಚಾಚಿದಳು.

"ಅದನ್ನ ಇಲ್ಲಿ ಕೊಡ್ರಿ. ಅಪ್ಪ ಹಚ್ಚಿದ್ದದು."

ಒಂದು ಚೂರೂ ಪುಡಿ ಉದುರದಂತೆ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.