ಮುಂದಿನ ಹಗ್ಗದ ವಿಶಾಲಮ್ಮ

ವಿಶಾಲಮ್ಮನ ಅಂಗೈಗಳನ್ನು ಮಾತ್ರ ನೋಡಿದವರು ಅವರನ್ನು ಕಲ್ಲು ಹೊರುವ ಹೆಂಗಸು ಎಂದೇ ತಿಳಿಯುತ್ತಿದ್ದರು. ಬೆರಳುಗಳ ಬುಡದಲ್ಲಿ ಹಳದಿಗಟ್ಟಿದ ಜಡ್ಡು, ಅದರ ಮೇಲೆ ಹಗ್ಗ ಕೊಯ್ದ ಗೆರೆಗಳು. ಮಾಟುಂಗಾದ ಮದುವೆಮನೆಗಳಲ್ಲಿ ತಾಂಬೂಲವನ್ನು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದರೇ ಹೊರತು ಕೈ ಚಾಚುತ್ತಿರಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ಈ ಹೆಂಗಸು ಭಾನುವಾರ ಬೆಳಿಗ್ಗೆ ಗಂಡನ ಹಳೆಯ ಪ್ಯಾಂಟು ತೊಟ್ಟು ಪೊವಾಯಿ ಕೆರೆಯಲ್ಲಿ ಹಾಯಿದೋಣಿಯ ಪಂದ್ಯ ಆಡುತ್ತಿದ್ದರು ಎಂದರೆ ಆ ಮದುವೆಮನೆಯವರು ನಂಬುತ್ತಿರಲಿಲ್ಲ.

ಅವರ ಗಂಡ ಶೇಷಾದ್ರಿ ನಾನು ಲ್ಯಾಬ್ ಅಸಿಸ್ಟೆಂಟ್ ಆಗಿದ್ದ ಕಾರ್ಖಾನೆಯ ಮ್ಯಾನೇಜರ್. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಂಪನಿಯ ಐದಾರು ದೋಣಿಗಳು ಕೆರೆಯ ದಂಡೆಯಲ್ಲಿದ್ದವು. ಒಂದೊಂದರಲ್ಲೂ ಇಬ್ಬರು: ಹಿಂದೆ ಚುಕ್ಕಾಣಿ ಹಿಡಿಯುವವರು, ಮುಂದೆ ಚಿಕ್ಕ ಹಾಯಿಯ ಹಗ್ಗ ಎಳೆಯುತ್ತ, ದೋಣಿ ವಾಲಿದಾಗ ಮೈಯನ್ನು ಹೊರಗೆ ಚಾಚಿ ಸಮತೂಕ ಮಾಡುವವರು. ಹನ್ನೊಂದು ವರ್ಷ ಗಂಡನ ದೋಣಿಯ ಮುಂದಿನ ಹಗ್ಗ ವಿಶಾಲಮ್ಮನದಾಗಿತ್ತು. ಆಫೀಸಿನಲ್ಲಿ ಜವಾನನನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದ ಶೇಷಾದ್ರಿ ನೀರಿಗಿಳಿದರೆ ಹೆಂಡತಿಯನ್ನು ಕರೆಯುತ್ತಿದ್ದುದು ‘ಮೂಟೆ’ ಎಂದು. “ಮೂಟೆ, ಆಚೆ ವಾಲು.” ತಿರುವಿನಲ್ಲಿ ತಡವಾದರೆ ಚುಕ್ಕಾಣಿಯ ಕೋಲಿನಿಂದ ಅವರ ಬೆನ್ನಿಗೆ ತಿವಿಯುತ್ತಿದ್ದರು. ವಿಶಾಲಮ್ಮ ಹಿಂತಿರುಗಿ ನೋಡುತ್ತಿರಲಿಲ್ಲ. “ಹಿಂದೆ ನೋಡಿದ್ರೆ ಗಾಳಿ ತಪ್ಪಿಹೋಗುತ್ತೆ ಕಣೆ,” ಎಂದು ಆಮೇಲೆ ನನಗೆ ಹೇಳಿದ್ದರು.

ಆ ವರ್ಷ ಶೇಷಾದ್ರಿ ಗೋದಾಮಿನಿಂದ ತೂಕದ ಯಂತ್ರ ತರಿಸಿ ದಂಡೆಯ ಮೇಲಿಟ್ಟರು. ಗಾಳಿ ಕಡಿಮೆಯಿದೆ, ಹಗುರದವರು ಬೇಕು ಎಂದರು. ಎಲ್ಲರೆದುರು ಹೆಂಡತಿಯನ್ನು ಹತ್ತಿಸಿ ತೂಕವನ್ನು ಗಟ್ಟಿಯಾಗಿ ಓದಿದರು. ಯಾರೋ ನಕ್ಕರು. ಆಮೇಲೆ, ಆಟ ನೋಡಲು ಬಂದಿದ್ದ ನನ್ನತ್ತ ತಿರುಗಿ, “ನೀನು ಹತ್ತಮ್ಮ,” ಎಂದರು.

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ನನಗಾಗ ಇಪ್ಪತ್ತೆರಡು. ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಣ್ಣ-ಅತ್ತಿಗೆಯ ಕೋಣೆಯ ಮೂಲೆಯೊಂದರಲ್ಲಿ ಮಲಗುತ್ತಿದ್ದೆ. ನಾನು ಬೇಕು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತೂಕ ನೋಡಿ ಶೇಷಾದ್ರಿ ತಲೆಯಾಡಿಸಿ, ಹೆಂಡತಿಗೆ, “ಇವಳಿಗೆ ಎಲ್ಲಾ ಕಲಿಸು. ದೊಡ್ಡ ಪಂದ್ಯಕ್ಕೆ ಎರಡು ತಿಂಗಳಿದೆ,” ಎಂದರು.

ವಿಶಾಲಮ್ಮ ಬಗ್ಗಿ ಚಪ್ಪಲಿ ಮೆಟ್ಟಿಕೊಂಡು, “ಆಗ್ಲಿ,” ಎಂದರು.

ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಕೆರೆಗೆ ಹೋಗುತ್ತಿದ್ದೆ. ಅವರು ಪ್ರೀತಿಯಿಂದ ಕಲಿಸಲಿಲ್ಲ. ಆದರೆ ಒಂದನ್ನೂ ಮುಚ್ಚಿಡಲಿಲ್ಲ. “ಗಾಳೀನ ಕಣ್ಣಲ್ಲಿ ಹುಡುಕ್ಬೇಡ, ಕಿವಿ ಹಿಂದೆ ಹುಡುಕು,” ಎನ್ನುತ್ತಿದ್ದರು. ನನ್ನ ಕೈ ಬೊಬ್ಬೆಯೆದ್ದು ಒಡೆದಾಗ ಅದರ ಮೇಲೆ ಉಪ್ಪು ನೀರು ಸುರಿದು, “ಅಳೋದಾದ್ರೆ ಲೋಕಲ್ ರೈಲಲ್ಲಿ ಅಳು,” ಎಂದರು. ಒಂದು ದಿನ ಹೇಳದೆ ಕೇಳದೆ ದೋಣಿಯನ್ನು ಮಗುಚಿದರು. ನಾನು ಒದ್ದೆ ಹಾಯಿಯ ಕೆಳಗೆ ಸಿಕ್ಕಿಬಿದ್ದು ಸತ್ತೇ ಹೋದೆ ಎಂದುಕೊಂಡೆ. ಹೊರಗಿನಿಂದ ಅವರ ಮಾತು ಕೇಳಿಸಿತು: “ತಲೆ ಮೇಲಿನ ಬಟ್ಟೇನ ಮೇಲಕ್ಕೆ ತಳ್ಳು. ಗೂಡಾಗುತ್ತೆ. ಅಲ್ಲಿ ಉಸಿರು ಸಿಗುತ್ತೆ.” ಸಿಕ್ಕಿತು. ಹೊರಬಂದಾಗ ಅವರು ಮಗುಚಿದ ದೋಣಿಯ ಮೇಲೆ ಕೂತು ಜಡೆ ಹಿಂಡಿಕೊಳ್ಳುತ್ತಿದ್ದರು. ಇನ್ನೊಮ್ಮೆ ಎಂದರು. ಅವತ್ತು ನಾಲ್ಕು ಸಲ ಮುಳುಗಿಸಿದರು.

ಪಂದ್ಯದ ದಿನ ವಿಶಾಲಮ್ಮ ಮನೆಯಲ್ಲಿರುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಅವರು ಬಂದರು. ಯಾರೂ ಮುಟ್ಟದ ಹಳೆಯ ಮರದ ದೋಣಿಯ ಚುಕ್ಕಾಣಿ ತಾವೇ ಹಿಡಿದು, ನಮ್ಮ ಲ್ಯಾಬಿನ ಡಿಸೋಜಾನನ್ನು ಹಗ್ಗಕ್ಕೆ ಕೂರಿಸಿಕೊಂಡಿದ್ದರು. ಹನ್ನೊಂದು ವರ್ಷದಲ್ಲಿ ಅವರು ಪಂದ್ಯದಲ್ಲಿ ಚುಕ್ಕಾಣಿ ಹಿಡಿದದ್ದು ಅದೇ ಮೊದಲು. ಗುಡ್ಡದ ಕಡೆಯಿಂದ ಗಾಳಿ ಬರುವ ಮೊದಲೇ ಅದು ಅವರಿಗೆ ಗೊತ್ತಾಗುತ್ತಿತ್ತು. ಕೊನೆಯ ಸುತ್ತಿಗೆ ಮುಂದೆ ಉಳಿದದ್ದು ಎರಡೇ ದೋಣಿ, ಅವರದು ಮತ್ತು ನಮ್ಮದು.

ಎರಡೂ ಎದುರುಬದುರಾದವು. ಅವರಿಗೆ ಗಾಳಿ ಬಲಗಡೆಯಿಂದ ಬರುತ್ತಿತ್ತು. ನಿಯಮದ ಪ್ರಕಾರ ನಾವು ದಾರಿ ಬಿಡಬೇಕಿತ್ತು. ವಿಶಾಲಮ್ಮ ಕೂಗಿ ಎಚ್ಚರಿಸಿದರು. ಶೇಷಾದ್ರಿ, “ಹೆದರ್ತಾಳೆ, ತಿರುಗಿಸ್ತಾಳೆ,” ಎಂದರು. ವಿಶಾಲಮ್ಮ ಹೆದರಲಿಲ್ಲ. ತೀರಾ ಕೊನೆಗಳಿಗೆಯಲ್ಲಿ, ಡಿಕ್ಕಿಯಾದರೆ ನಮ್ಮ ದೋಣಿಯ ಮೂತಿ ಡಿಸೋಜಾನಿಗೇ ಬಡಿಯುತ್ತದೆ ಎಂಬಾಗ, ತಿರುಗಿಸಿದರು. ಹಳೆಯ ದೋಣಿ ತಡೆಯದೆ ಮಗುಚಿಕೊಂಡಿತು.

ಡಿಸೋಜಾ ಮೇಲೆ ಬಂದು ದೋಣಿಯ ಅಂಚು ಹಿಡಿದ. ವಿಶಾಲಮ್ಮ ಬರಲಿಲ್ಲ. ನೀರಿನ ಮೇಲೆ ಹರಡಿದ ಹಾಯಿ ಒಂದು ಕಡೆ ಉಬ್ಬಿ ಮತ್ತೆ ಇಳಿಯಿತು. “ಮೇಡಂ ನೀಚೇ ಹೈ,” ಕೆಳಗೇ ಇದ್ದಾರೆ ಎಂದು ಡಿಸೋಜಾ ಕೂಗುತ್ತಲೇ ಇದ್ದ. ನಾನು ಹಿಂದೆ ತಿರುಗಿದೆ. ಶೇಷಾದ್ರಿ ನನ್ನ ಕಣ್ಣನ್ನೇ ನೋಡಿ, “ಹಗ್ಗ ಎಳಿ,” ಎಂದರು.

ಎಳೆದೆ. ವಿಶಾಲಮ್ಮನಿಗೆ ಗೂಡು ಮಾಡಲು ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಕಾಲಿಗೆ ಹಗ್ಗ ಸುತ್ತಿಕೊಂಡಿತ್ತು, ಬಿಡಿಸಿಕೊಂಡು ಮೇಲೆ ಬರಲು ಹೊತ್ತಾಯಿತು ಎಂಬುದು ತಿಳಿದದ್ದು ಆಮೇಲೆ. ನಾವು ಗೆದ್ದೆವು.

ದಂಡೆಯಲ್ಲಿ ಪಂದ್ಯದ ಹಿರಿಯರು ವಿಚಾರಣೆಗೆ ಕೂತರು. ಡಿಸೋಜಾ, ದಾರಿ ತಮ್ಮದಾಗಿತ್ತು ಎಂದ. ಶೇಷಾದ್ರಿ ಅಲ್ಲ ಎಂದರು. ವಿಶಾಲಮ್ಮ ಟವೆಲ್ ಹೊದ್ದು ಕಲ್ಲಿನ ಮೇಲೆ ಕೂತಿದ್ದರು; ಕಣಕಾಲಿನ ಚರ್ಮ ಸುಲಿದಿತ್ತು. ಹಿರಿಯರು ನನ್ನನ್ನು ಕೇಳಿದರು.

“ಅವರೇ ತಡವಾಗಿ ತಿರುಗಿಸಿದರು,” ಎಂದೆ.

“ಡಿಸೋಜಾ ಕೂಗಿದ್ದು?”

“ಕೇಳಿಸಲಿಲ್ಲ.”

ವಿಶಾಲಮ್ಮ ದೂರು ಕೊಡಲಿಲ್ಲ. ನನ್ನನ್ನು ಹತ್ತಿರ ಕರೆದು, “ಹಗ್ಗ ಚೆನ್ನಾಗಿ ಎಳ್ದೆ. ಬಿಡ್ಲಿಲ್ಲ,” ಎಂದರು. ಅವರಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಗಂಡ ಹಾಯಿ ಮಡಚು ಎಂದಾಗ ಕುಂಟುತ್ತ ಹೋಗಿ, ನಮ್ಮ ದೋಣಿಯ ಹಾಯಿಯನ್ನು ನೀಟಾಗಿ ಮಡಚಿಟ್ಟರು. ಆಮೇಲೆ ಅವರು ಕೆರೆಗೆ ಬರಲಿಲ್ಲ.

ನಾನು ಇನ್ನೆರಡು ವರ್ಷ ಆಡಿದೆ. ಎರಡನೆಯ ವರ್ಷ ಶೇಷಾದ್ರಿ ನನ್ನನ್ನೂ ಮೂಟೆ ಎನ್ನತೊಡಗಿದ್ದರು. ನಾನು ಮದುವೆಯಾಗಿ ಬಸುರಿಯಾದದ್ದು ತಿಳಿದ ದಿನವೇ ಬೇರೊಬ್ಬಳನ್ನು ದೋಣಿಗೆ ಹತ್ತಿಸಿಕೊಂಡರು. ಮುಂದೆ ಅವರು ಹೃದಯಾಘಾತದಿಂದ ತೀರಿಕೊಂಡರೆಂದೂ ವಿಶಾಲಮ್ಮ ಮಲಾಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆಂದೂ ಕೇಳಿದೆ.

ಒಂದು ಬೆಳಿಗ್ಗೆ ಮಲಾಡ್ ಸ್ಟೇಷನ್ ಹೊರಗಿನ ತರಕಾರಿ ಸಾಲಿನಲ್ಲಿ ಅವರು ಸಿಕ್ಕರು. ಜೊತೆಗೆ ಪಕ್ಕದ ಮನೆಯ ಗುಜರಾತಿ ಹೆಂಗಸು. ನನ್ನ ಕಂಕುಳಲ್ಲಿ ಮಗಳಿದ್ದಳು. ಯಾರಿವಳು ಎಂದು ಆ ಹೆಂಗಸು ಕೇಳಿದರು. ಹಳೆಯ ಆಫೀಸಿನವಳು ಎನ್ನುವಷ್ಟೇ ಸರಾಗವಾಗಿ ವಿಶಾಲಮ್ಮ ಹಿಂದಿಯಲ್ಲಿ ಹೇಳಿದರು: ಇವಳು ನಮ್ಮ ಯಜಮಾನರ ದೋಣಿಯಲ್ಲಿದ್ದಳು, ನಾನು ನೀರಿನ ಕೆಳಗಿದ್ದಾಗ ನೋಡಿಯೂ ಮುಂದೆ ಹೋದವಳು. ತಮಾಷೆ ಎಂದುಕೊಂಡು ಆ ಹೆಂಗಸು ನಕ್ಕರು. ವಿಶಾಲಮ್ಮ ನಗಲಿಲ್ಲ.

“ಅವತ್ತು ನಾನು...” ಎಂದು ಶುರುಮಾಡಿದೆ.

“ಡಿಸೋಜಾ ಕೂಗಿದ್ದು ಕೇಳಿಸ್ತಾ ನಿಂಗೆ?”

ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿದೆ. “ಕೇಳಿಸ್ತು.”

“ಹೂಂ,” ಎಂದರು. “ಕೆಳಗಿದ್ದ ನಂಗೇ ಕೇಳಿಸ್ತಿತ್ತಲ್ಲ.”

ಅಷ್ಟು ಹೇಳಿ, ಅವರೆಕಾಯಿಯೊಂದನ್ನು ಎತ್ತಿ ಮುರಿದು ನೋಡಿ, ಎಳಸು ಎಂದು ವಾಪಸ್ಸಿಟ್ಟು, ಮುಂದಿನ ಗಾಡಿಯ ಕಡೆಗೆ ನಡೆದರು.